ಅಕ್ಕನಿಗೆ ಬಂದ ಫೋನು

ತಮ್ಮ ಹೋದ ಸುದ್ದಿ ಅಕ್ಕನಿಗೆ ತಿಳಿದದ್ದು ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ, ಚೀಟಿ ಹಿಡಿದು ಕಾಯುತ್ತಿದ್ದ ಗುರುತಿಲ್ಲದ ಜನರ ನಡುವೆ. ಆಕೆ ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಇಸ್ತ್ರಿಯಾದ ಬೆಡ್‌ಶೀಟುಗಳನ್ನು ಎದೆಯೆತ್ತರಕ್ಕೆ ಪೇರಿಸಿಕೊಂಡು, ಟ್ರಾಲಿ ತಳ್ಳಿಕೊಂಡು ಹೆರಿಗೆ ವಾರ್ಡಿಗೆ ಹೊರಟಿದ್ದಾಗ, ಗೋಡೆಯ ಟೀವಿಯ ಮುಂದೆ ಜನ ಗುಂಪುಗೂಡಿ ದಾರಿ ಕಟ್ಟಿದ್ದರು. "ಸ್ವಲ್ಪ ಜಾಗ ಬಿಡಿ" ಎನ್ನುತ್ತ ತಲೆಯೆತ್ತಿದಳು.

ಟೀವಿಯಲ್ಲಿ ಆರಂತಸ್ತಿನ ಕಟ್ಟಡ, ಅದರ ಮುಂದೆ ಪೊಲೀಸ್ ವ್ಯಾನುಗಳು. ವಿಮಾ ಕಂಪನಿಯೊಂದರ ಕಚೇರಿಗೆ, ಕೆಲಸದಿಂದ ತೆಗೆದುಹಾಕಿದ್ದ ಹಳೆಯ ಕಾವಲುಗಾರ ಬಂದೂಕು ಹಿಡಿದು ನುಗ್ಗಿ ಜನರನ್ನು ಒತ್ತೆಯಿಟ್ಟುಕೊಂಡಿದ್ದ. ಅವನು ಸೆರೆಸಿಕ್ಕ, ಕಾರ್ಯಾಚರಣೆ ಯಶಸ್ವಿಯಾಯಿತು, ಆದರೆ ಕಟ್ಟಡದ ಲಿಫ್ಟ್ ಮೆಕ್ಯಾನಿಕ್ ಒಬ್ಬ ಗುಂಡೇಟಿಗೆ ಸತ್ತ ಎಂದು ಹೇಳುತ್ತಿದ್ದರು. ಮೂಲೆಯಲ್ಲಿ ಒಂದು ಚಿತ್ರ ಮೂಡಿತು. ಕೆಲಸದ ಗುರುತಿನ ಚೀಟಿಗೆ ತೆಗೆಸಿಕೊಂಡ ಚಿತ್ರ. ಆ ದಿನ ಅವನ ಕಾಲರನ್ನು ಸರಿಮಾಡಿ ಕಳಿಸಿದವಳು ಅಕ್ಕನೇ.

ಚಿತ್ರ ಹೋಗಿ ಇನ್ನೊಂದು ದೃಶ್ಯ ಬಂತು. ತಮ್ಮನ ಹೆಂಡತಿ. ನಗರದ ಬಸ್ಸು ಓಡಿಸುವ ಹೆಂಗಸು, ಮೈಮೇಲೆ ಇನ್ನೂ ಡ್ರೈವರಿನ ಸಮವಸ್ತ್ರ. ಇಬ್ಬರು ಅವಳ ತೋಳು ಹಿಡಿದಿದ್ದರು. ಅವಳು ಅತ್ತು ಅತ್ತು ಸೋತಂತಿದ್ದಳು.

ಹುಟ್ಟಿದ ಮೂರನೆಯ ತಿಂಗಳಲ್ಲೇ ತಾಯಿಯನ್ನು ಕಳೆದುಕೊಂಡ ಕೂಸನ್ನು ಎದೆಗವಚಿಕೊಂಡು ಬೆಳೆಸಿದವಳು ಅಕ್ಕ. ಅವನಿಗಾಗಿ ಮದುವೆಯ ಮಾತನ್ನೇ ಬದಿಗಿಟ್ಟವಳು. ಅಂಥವಳ ಎದೆಯಲ್ಲಿ ಆ ಗಳಿಗೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ. 'ಇವಳಿಗೆ ಆಗಲೇ ಗೊತ್ತಾಗಿದೆ. ನನಗಿಂತ ಮೊದಲೇ ಗೊತ್ತಾಗಿದೆ. ಅತ್ತೂ ಮುಗಿಸಿದ್ದಾಳೆ' ಎಂಬ ಯೋಚನೆ. ದುಃಖ ಬಂದದ್ದು ಅದರ ಹಿಂದೆ. ಬಂದಾಗ ಆಕೆ ಟ್ರಾಲಿಯ ಹಿಡಿಯನ್ನು ಬಿಡದೆ ನೆಲಕ್ಕೆ ಕುಸಿದಳು. ಬಿಳಿಯ ಬೆಡ್‌ಶೀಟುಗಳು ಒಂದೊಂದಾಗಿ ಆಕೆಯ ಮೇಲೆ ಜಾರಿ ಬಿದ್ದವು.

ಅದಕ್ಕೆ ಒಂದೂವರೆ ಗಂಟೆ ಮೊದಲು ಲಾಂಡ್ರಿಯ ಗೋಡೆಫೋನಿಗೆ ಒಂದು ಕರೆ ಬಂದಿತ್ತು. ಈ ಕಥೆಯೆಲ್ಲ ಆ ಕರೆಯದೇ. ಆದ್ದರಿಂದ ಅದನ್ನು ಇದ್ದದ್ದು ಇದ್ದಂತೆ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

"ಅಕ್ಕಾ, ಅವಳು ಫೋನು ಎತ್ತುತ್ತಾ ಇಲ್ಲ, ಗಾಡಿ ಮೇಲಿದ್ದಾಳೆ. ಅದಕ್ಕೇ ನಿನಗೆ ಮಾಡಿದೆ" ಎಂದ ತಮ್ಮ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಇಲ್ಲಿ ಒಬ್ಬ ತಲೆಕೆಟ್ಟವನು ಬಂದೂಕು ಹಿಡ್ಕೊಂಡು ಐದನೇ ಮಹಡಿಲಿ ಜನಾನ ಕೂಡಿಹಾಕಿದ್ದಾನೆ. ಹಿಂದುಗಡೆ ಸ್ಟೋರಿನಲ್ಲಿ ಒಂದಷ್ಟು ಜನ ಬಚ್ಚಿಟ್ಕೊಂಡಿದ್ದಾರೆ, ಅವನಿಗೆ ಗೊತ್ತಿಲ್ಲ. ಸಾಮಾನಿನ ಲಿಫ್ಟಲ್ಲಿ ಇಬ್ಬರನ್ನ ಇಳಿಸಿದೆ. ಇನ್ನು ನಾಲ್ಕು ಜನ."

"ನೀನ್ಯಾಕೋ ಪುಟ್ಟ ಹೋಗ್ತೀಯ? ಪೊಲೀಸರು ಸತ್ತುಹೋದ್ರಾ?"

"ಇಲ್ಲೇ ಹಿಂದಿನ ಬಾಗಿಲಲ್ಲಿ, ನನ್ನ ಪಕ್ಕದಲ್ಲಿ ಒಬ್ಬ ಸಾಹೇಬ್ರು ನಿಂತಿದ್ದಾರೆ. ಲಿಫ್ಟು ನನಗೆ ತಾನೇ ಗೊತ್ತಿರೋದು. ಕರೆಂಟು ಮಾತ್ರ ತೆಗೀಬೇಡಿ ಅಂತ ಎರಡೆರಡು ಸಲ ಹೇಳಿದ್ದೀನಿ. ಅಲ್ವಾ ಸಾರ್?" ದೂರದಿಂದ ಗಂಡುದನಿಯೊಂದು, "ಆಯ್ತಪ್ಪ, ಗೊತ್ತಾಯ್ತು, ಬೇಗ ಮುಗಿಸು" ಎಂದದ್ದು ಅಕ್ಕನಿಗೆ ಚೆನ್ನಾಗಿ ಕೇಳಿಸಿತು. ಆಮೇಲೆ ತಮ್ಮ ದನಿ ತಗ್ಗಿಸಿದ. "ಅವಳಿಗೆ ಒಂದು ಮಾತು ಹೇಳಕ್ಕಾ. ಬೆಳಿಗ್ಗೆ ನಾನು ಸುಮ್ಮಸುಮ್ಮನೆ ಸಿಡುಕಿದೆ. ಅವಳು ಹೇಳಿದ್ದೇ ಸರಿ. ಆ ಮನೇನ ಭಾನುವಾರ ನೋಡ್ಕೊಂಡು ಬರೋಣ ಅಂತ ಹೇಳು. ಇಡ್ತೀನಿ."

ಇಷ್ಟೇ ಕರೆ. ಅಕ್ಕ ಫೋನಿಟ್ಟು ಬಂದು ಬೆಡ್‌ಶೀಟಿನ ತುದಿ ಹಿಡಿದಳು. ಮುಂದಿನ ಒಂದೂವರೆ ಗಂಟೆ ಆಕೆಯ ತಲೆಯಲ್ಲಿ ಬಂದೂಕೂ ಇರಲಿಲ್ಲ, ಲಿಫ್ಟೂ ಇರಲಿಲ್ಲ. ಯಾವ ಮನೆ? ಮೂವರೂ ಒಟ್ಟಿಗಿರುವ ಮನೆಗೆ ಏನಾಗಿದೆ? ನನಗೆ ತಿಳಿಯದ ಹಾಗೆ ಇವರಿಬ್ಬರೂ ಮನೆ ನೋಡುವಷ್ಟು ದೂರ ಹೋದರೇ? ಇದೇ ಮಾತು ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಉಕ್ಕಿ ಬರುತ್ತಿತ್ತು. ಆ ಹೊತ್ತಿನಲ್ಲೇ ತಮ್ಮ ಇನ್ನಿಬ್ಬರನ್ನು ಇಳಿಸಿ, ಕೊನೆಯ ಇಬ್ಬರಿಗಾಗಿ ಮತ್ತೆ ಮೇಲೆ ಹೋಗಿದ್ದ. ಲಿಫ್ಟು ನಾಲ್ಕನೆಯ ಮಹಡಿ ದಾಟಿ ಇಳಿಯುತ್ತಿರುವಾಗ ಪೊಲೀಸರು ಇಡೀ ಕಟ್ಟಡದ ಕರೆಂಟು ತೆಗೆದರು. ಕತ್ತಲೆಯಲ್ಲಿ ನುಗ್ಗುವುದು ಅವರ ಲೆಕ್ಕಾಚಾರ. ಲಿಫ್ಟು ನಡುವೆ ನಿಂತಿತು. ಒಳಗಿದ್ದ ಹೆಂಗಸೊಬ್ಬಳು ಹೆದರಿ ಕೂಗಿದಳು. ಆ ಕೂಗು ಕೇಳಿ ಬಂದೂಕಿನವನು ಬಂದ. ಮೇಲಿನಿಂದ ಬಾಗಿಲು ಸರಿಸಿ ಗುಂಡು ಹಾರಿಸಿದ. ತಮ್ಮ ಆ ಇಬ್ಬರನ್ನೂ ತನ್ನ ಮೈಯ ಕೆಳಗೆ ಅದುಮಿ ಹಿಡಿದಿದ್ದನಂತೆ. ಅವರು ಬದುಕಿದರು.

ಮಾರನೆಯ ದಿನದಿಂದ ಊರು ಕುದಿಯತೊಡಗಿತು. 'ಲಿಫ್ಟು ಓಡುತ್ತಿರುವ ವಿಷಯ ನಮಗೆ ಯಾರೂ ತಿಳಿಸಿರಲಿಲ್ಲ, ಮೃತನು ಸ್ವಂತ ಬುದ್ಧಿಯಿಂದ ನಡೆದುಕೊಂಡಿದ್ದಾನೆ' ಎಂದು ಪೊಲೀಸರು ಹೇಳಿಕೆ ಕೊಟ್ಟರು. ಬೆಂಕಿಗೆ ತುಪ್ಪ ಸುರಿದಂತಾಯಿತು. ಠಾಣೆಯ ಮುಂದೆ ಜನ ಕೂತರು; ಎಬ್ಬಿಸಿದರೆ ಮತ್ತೆ ಬಂದು ಕೂತರು. ಅಂಗಡಿಗಳು ಬಾಗಿಲು ಹಾಕಿದವು. ಬಸ್ ಡಿಪೋದವರು ಒಂದು ದಿನ ಗಾಡಿ ತೆಗೆಯಲಿಲ್ಲ. ಊರಿನ ಗೋಡೆಗಳ ಮೇಲೆಲ್ಲ 'ಕರೆಂಟು ತೆಗೆದವರು ಯಾರು?' ಎಂಬ ಒಂದೇ ಪ್ರಶ್ನೆ. ಸಂಜೆ ಏಳಕ್ಕೆ ಮನೆಮನೆಗಳಲ್ಲಿ ಸ್ವಲ್ಪ ಹೊತ್ತು ದೀಪ ಆರಿಸುವುದು ಶುರುವಾಯಿತು. ಇದನ್ನೆಲ್ಲ ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಮೊದಲ ಸಲ ಇಳಿದ ಇಬ್ಬರಲ್ಲಿ ಅವರ ಮಗಳೂ ಒಬ್ಬಳು. ಆದರೆ ಆ ಹುಡುಗಿಗೂ, ಜೊತೆಗಿದ್ದವನಿಗೂ, ಆಮೇಲೆ ಇಳಿದವರಿಗೂ ಲಿಫ್ಟಿನವನು ಕೆಳಗೆ ಪೊಲೀಸರಿಗೆ ಏನು ಹೇಳಿದ ಎಂಬುದು ತಿಳಿಯದು. ಬಾಗಿಲು ತೆರೆದೊಡನೆ ಅವರನ್ನು ಓಡಿಸಿಕೊಂಡು ಹೋಗಿದ್ದರು. ತಮ್ಮನ ಫೋನು ಪುಡಿಯಾಯಿತು ಎಂದು ಪೊಲೀಸರು ಹೇಳಿಬಿಟ್ಟರು.

ಸತ್ತವನು ಊರಿಗೆಲ್ಲ 'ಲಿಫ್ಟಣ್ಣ' ಆದ. ಆ ಹೆಸರು ಕೇಳಿದರೆ ಅಕ್ಕನ ಮೈ ಉರಿಯುತ್ತಿತ್ತು. ಯಾವ ಲಿಫ್ಟು, ಯಾರಿಗೆ ಅಣ್ಣ? ಅವನು ಪುಟ್ಟ. ಜ್ವರ ಬಂದರೆ ಇವತ್ತಿಗೂ ಅಕ್ಕನ ಕೈ ಹಣೆಯ ಮೇಲೆ ಬೇಕು ಎನ್ನುತ್ತಿದ್ದ ಪುಟ್ಟ.

ಅವನ ಚಿತ್ರ ಬೇಕೆಂದು ಮೇಷ್ಟ್ರು ಬಂದಾಗ ತಮ್ಮನ ಹೆಂಡತಿ ಮದುವೆಯ ದಿನದ ಚಿತ್ರ ತೆಗೆದುಕೊಟ್ಟಳು. ಅದರಲ್ಲಿ ಮೂವರಿದ್ದರು. ಭಿತ್ತಿಪತ್ರವಾಗಿ ಅದು ಬೀದಿಗೆ ಬಂದಾಗ ಇಬ್ಬರೇ ಉಳಿದಿದ್ದರು. ಅಕ್ಕನನ್ನು ನೀಟಾಗಿ ಕತ್ತರಿಸಿ ತೆಗೆದಿದ್ದರು. ತಮ್ಮನ ಹೆಗಲ ಮೇಲೆ ಆಕೆಯ ನಾಲ್ಕು ಬೆರಳು ಮಾತ್ರ ಉಳಿದಿದ್ದವು. ಬಸ್ ನಿಲ್ದಾಣದಲ್ಲಿ ಒಬ್ಬ ಅದನ್ನು ನೋಡಿ, "ಹೆಗಲ ಮೇಲೆ ಏನೋ ಕೂತಿದೆಯಲ್ಲ, ಹಲ್ಲೀನಾ?" ಎಂದು ಪಕ್ಕದವನನ್ನು ಕೇಳಿದ. ಅಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಡೆದಳು.

ಸಭೆಗಳಲ್ಲಿ ತಮ್ಮನ ಹೆಂಡತಿಯನ್ನು ಮುಂದೆ ಕೂರಿಸುತ್ತಿದ್ದರು. ಅವಳು ಮೈಕು ಹಿಡಿದು ಮಾತಾಡಿದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. "ಕೆಳಗಿರೋರಿಗೆ ಹೇಳದೆ ನನ್ನ ಗಂಡ ಯಾವತ್ತೂ ಲಿಫ್ಟು ಹತ್ತಿದವರಲ್ಲ. ಅವರು ಹೇಳೇ ಹೇಳಿದ್ದಾರೆ" ಎನ್ನುತ್ತಿದ್ದಳು. ಕೆಲಸದ ಮೊದಲ ವರ್ಷ ಕೆಳಗೆ ಹೇಳದೆ ಹತ್ತಿ, ಕೆಲಸ ಕಲಿಸಿದ ಉಸ್ತಾದನ ಕೈಲಿ ಕೆನ್ನೆಗೆ ಏಟು ತಿಂದು ಬಂದಿದ್ದನಂತೆ. ಅಂದಿನಿಂದ ಒಂದು ಬಲ್ಬು ಬದಲಿಸುವುದಿದ್ದರೂ ಕೆಳಗಿನವರಿಂದ 'ಆಯ್ತು' ಎನಿಸಿಕೊಳ್ಳದೆ ಹತ್ತುತ್ತಿರಲಿಲ್ಲವಂತೆ. ಮೂಲೆಯಲ್ಲಿ ನಿಂತಿದ್ದ ಅಕ್ಕ ಇದನ್ನು ಮೊದಲ ಬಾರಿ ಕೇಳಿದ್ದು ಮೈಕಿನಲ್ಲಿ. ಕೆನ್ನೆ ಕೆಂಪಾಗಿ ಬಂದ ದಿನ ನೆನಪಿತ್ತು. ಅಂದು ಅವನು 'ಹಲ್ಲುನೋವಕ್ಕಾ' ಎಂದಿದ್ದ. ಅಕ್ಕನ ಮುಂದೆ ಹಲ್ಲುನೋವು ಎಂದವನು ಹೆಂಡತಿಗೆ ನಿಜ ಹೇಳಿದ್ದ.

ಹೀಗೆ ಊರಿನವರು ಅವನನ್ನು ತುಂಡುತುಂಡಾಗಿ ಹಂಚಿಕೊಳ್ಳುತ್ತಿರುವಾಗ ಅಕ್ಕನ ಪಾಲಿಗೆ ಉಳಿದದ್ದು ಆ ಒಂದು ಕರೆ. ಅದು ಹೆಂಡತಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಮಲಗುವಾಗ, ಏಳುವಾಗ, ಇಸ್ತ್ರಿ ರೋಲರಿನ ಬಿಸಿಗಾಳಿಯಲ್ಲಿ ನಿಂತಾಗ ಆಕೆ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುವಾಗ ಮೊದಲ ಮಾತನ್ನು ಬಿಟ್ಟುಬಿಡುತ್ತಿದ್ದಳು. 'ಅವಳು ಫೋನು ಎತ್ತುತ್ತಾ ಇಲ್ಲ' ಎಂಬುದು ಮೊದಮೊದಲು ಮುಳ್ಳಿನಂತೆ ಚುಚ್ಚುತ್ತಿತ್ತು. ದಿನ ಕಳೆದಂತೆ ಅದನ್ನು ಹಾರಿಸಿ, 'ಅಕ್ಕಾ, ನಿನಗೆ ಮಾಡಿದೆ' ಎಂಬಲ್ಲಿಂದ ಶುರುಮಾಡುವುದು ಅಭ್ಯಾಸವಾಯಿತು. ಕೊನೆಯ ಮಾತಂತೂ, ಆ ಮನೆಯ ಮಾತು, ಆಕೆಯ ಲೆಕ್ಕದಲ್ಲಿ ಬರಲೇ ಇಲ್ಲ.

ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಅಕ್ಕನ ಎದುರು ನಿಲ್ಲುವವಳನ್ನು ಎಲ್ಲರೂ ಉದ್ದಮ್ಮ ಎನ್ನುತ್ತಿದ್ದರು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಹೆಂಗಸು. ಕೈ ಕೆಲಸ ಮಾಡುತ್ತಿದ್ದರೂ ಬಾಯಿಗೆ ಬಿಡುವಿಲ್ಲ.

"ಅಲ್ಲ, ನಿನ್ನೆ ನಮ್ಮ ಬೀದೀಲಿ ಪೊಲೀಸ್ ಪೇದೆ ಹಾಲು ತಗೊಳ್ಳೋಕೆ ಬಂದ. ಅಂಗಡಿಯವನು ಏನಂದ ಗೊತ್ತಾ? 'ಹಾಲು ಇದೆ ಸ್ವಾಮಿ, ಆದ್ರೆ ಕರೆಂಟು ತೆಗೆದುಬಿಟ್ಟಿದ್ದಾರೆ, ಒಡೆದುಹೋಗಿದೆ' ಅಂದ."

ಅಕ್ಕ ನಗಲಿಲ್ಲ. "ತುದಿ ಸರಿಯಾಗಿ ಹಿಡಿ."

"ಹಿಡಿದೀನಮ್ಮ. ನಿನ್ನ ತಮ್ಮನ ಹೆಂಡತಿ ಮೊನ್ನೆ ಎಷ್ಟು ಚೆನ್ನಾಗಿ ಮಾತಾಡಿದಳು. ಕಲ್ಲು ಕರಗಬೇಕು."

"ಬಸ್ಸು ಓಡಿಸೋಳಿಗೆ ಗಂಟಲು ದೊಡ್ಡದು."

"ಎಷ್ಟೇ ನಿನಗೆ ಹೊಟ್ಟೆಯುರಿ?" ಉದ್ದಮ್ಮ ಎರಡು ಹೆಜ್ಜೆ ಮುಂದೆ ಬಂದು ಬೆಡ್‌ಶೀಟಿನ ತನ್ನ ತುದಿಯನ್ನು ಅಕ್ಕನ ಕೈಗೆ ಕೊಟ್ಟಳು, ಮಡಿಸುವಾಗ ಹಾಗೆ ಬಂದು ಮುಟ್ಟಿ ಹೋಗಲೇಬೇಕು. ಮುಖ ಮುಖ ಹತ್ತಿರವಾದಾಗ ದನಿ ತಗ್ಗಿಸಿ ಕೇಳಿದಳು. "ಅವತ್ತು ಬಂತಲ್ಲ ಫೋನು, ಯಾರದು?"

"ಸ್ಟೋರಿನವರದು. ಸೋಪಿನಪುಡಿ ವಿಷಯ."

"ಸೋಪಿನಪುಡಿ ವಿಷಯಕ್ಕೆ ಯಾರಾದರೂ 'ಪುಟ್ಟ' ಅಂತಾರಾ? ಫೋನಿಂದ ಬಂದಮೇಲೆ ನೀನು ಒಂದು ರಾಶಿ ಉಲ್ಟಾ ಮಡಿಸಿದೆ. ನಾನೇ ಎಲ್ಲ ಬಿಡಿಸಿ ಮತ್ತೆ ಮಡಿಸಿದೆ. ಹೇಳಲಿಲ್ಲ ಅಷ್ಟೇ."

ಅಕ್ಕ ಮುಂದಿನ ಬೆಡ್‌ಶೀಟನ್ನು ಕೊಡವಿದಳು. ಅದು ಇಬ್ಬರ ನಡುವೆ ಗೋಡೆಯಂತೆ ನಿಂತಿತು. ಉದ್ದಮ್ಮ ಅದರ ಮೇಲಿನಿಂದ ನೋಡುತ್ತಲೇ ಇದ್ದಳು. ಎತ್ತರದವರ ಜೊತೆ ಇದೊಂದು ಕಷ್ಟ.

ಆ ಸಂಜೆ ಏಳಕ್ಕೆ ತಮ್ಮನ ಹೆಂಡತಿ ಮನೆಯ ದೀಪಗಳನ್ನು ಆರಿಸುತ್ತ ಬಂದಳು. ಅಕ್ಕ ತನ್ನ ಕೋಣೆಯ ದೀಪವನ್ನು ಮತ್ತೆ ಹಾಕಿದಳು.

"ಅತ್ತಿಗೆ, ಊರಿಗೆ ಊರೇ ಆರಿಸಿದೆ. ನಮ್ಮ ಮನೆಯದೇ ಉರೀತಾ ಇದ್ರೆ ಜನ ಏನಂತಾರೆ?"

"ಜನ ನಿನ್ನನ್ನ ಕೇಳ್ತಾರೆ. ನನ್ನನ್ನ ಕೇಳೋರು ಯಾರಿದ್ದಾರೆ? ಅವನು ಕತ್ತಲಲ್ಲಿ ಸತ್ತದ್ದು ಸಾಲದು ಅಂತ ಊರೆಲ್ಲ ಕತ್ತಲೆ ಮಾಡ್ಕೊಂಡು ಕೂತಿದ್ದೀರಿ."

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಸ್ಟೂಲೆಳೆದು ಕೂತ ಸದ್ದು ಕೇಳಿತು. ಆಮೇಲೆ ಆ ಕತ್ತಲಿಂದಲೇ ಅವಳ ದನಿ ಬಂತು. ಮೈಕಿನಲ್ಲಿ ಕೇಳಿದ ದನಿಯಲ್ಲ, ಸಣ್ಣ ದನಿ.

"ಅವತ್ತು ಬೆಳಿಗ್ಗೆ ನಮ್ಮಿಬ್ಬರಿಗೂ ಮಾತಾಗಿತ್ತು ಅತ್ತಿಗೆ. ಅವರು ತಿಂಡಿ ತಿನ್ನದೆ ಹೋದರು. ನಾನೂ ಕರೀಲಿಲ್ಲ. ಫೋನು ಡಿಪೋದ ಕಪಾಟಿನಲ್ಲಿತ್ತು. ಡ್ಯೂಟಿ ಮುಗಿದ ಮೇಲೆ ನೋಡಿದರೆ ಅವರದು ಮೂರು ಕರೆ ಇತ್ತು. ಯಾಕೆ ಮಾಡಿದ್ದರೋ. ಬೈಯೋಕೆ ಮಾಡಿದ್ದರೋ, ಬೇರೆ ಏನಕ್ಕೋ. ಜನರ ಮುಂದೆ ಏನೇನೋ ಹೇಳ್ತೀನಿ. ಮನೆಗೆ ಬಂದರೆ ಇದೊಂದೇ."

ಅಕ್ಕನಿಗೆ ಏನನ್ನಿಸಿತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಕೆಗೆ ಹಿತವೆನಿಸಿತು. ಸಿಟ್ಟು ಮಾಡಿಕೊಂಡು ಹೋಗಿದ್ದ! ಇವಳ ಮುಖ ನೋಡದೆ ಹೋಗಿದ್ದ! ನಾಲಿಗೆಯ ತುದಿಗೆ ಬಂದ ಒಂದೇ ಒಂದು ಮಾತು ಹೇಳಿದ್ದರೆ ಆ ಹೆಂಗಸಿನ ಎದೆ ಹಗುರವಾಗುತ್ತಿತ್ತು. ಅಕ್ಕ ಹೇಳಲಿಲ್ಲ. "ಊಟ ಮಾಡಿ ಮಲಗು" ಎಂದಳು. ಸುದ್ದಿ ಬಂದಂದಿನಿಂದ ಕಣ್ಣಿಗೆ ಹತ್ತದ ನಿದ್ದೆ ಆ ದಿನ ಹತ್ತಿತು. ದಿನವೂ ಮಲಗುವ ಮುನ್ನ ದೇವರಿಗೆ ಕೈಮುಗಿಯುವವಳು ಅಂದು ಮುಗಿಯದೆ ಮಲಗಿದ್ದು ಬೆಳಿಗ್ಗೆ ಎದ್ದಾಗ ನೆನಪಾಯಿತು.

ಸರ್ಕಾರ ಜನರ ಒತ್ತಾಯಕ್ಕೆ ಮಣಿದು ಒಬ್ಬ ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಲು ಒಪ್ಪಿತು. ವಿಚಾರಣೆಯ ಹಿಂದಿನ ದಿನ, ತಮ್ಮನ ಹೆಂಡತಿ ಡ್ಯೂಟಿಗೆ ಹೋದ ಹೊತ್ತು ನೋಡಿ, ಒಬ್ಬ ಪೊಲೀಸ್ ಅಧಿಕಾರಿ ಮನೆಗೆ ಬಂದರು. ಮಫ್ತಿಯಲ್ಲಿದ್ದರು. ಹಣ್ಣಿನ ಚೀಲ ತಂದಿದ್ದರು. ಚಪ್ಪಲಿ ಹೊರಗೇ ಬಿಟ್ಟು ಬಂದು, "ಅಮ್ಮ" ಎಂದು ಕೈಮುಗಿದರು.

"ತಾಯಿ ಥರ ಸಾಕಿದವರು ನೀವು. ಆದರೆ ಊರಲ್ಲಿ ನಿಮ್ಮ ಹೆಸರೇ ಇಲ್ಲ. ನಮಗೇ ಬೇಜಾರಾಯ್ತು."

ಅಕ್ಕ ಕುರ್ಚಿ ತೋರಿಸಿದಳು.

"ಆ ಹೆಂಗಸು ನೋಡಿ, ನಿನ್ನೆ ಮೊನ್ನೆ ಬಂದವಳು. ಮೈಕು ಸಿಕ್ಕಿಬಿಟ್ಟಿದೆ. ಫೋಟೋದಲ್ಲಿ ನಿಮ್ಮನ್ನೂ ಕತ್ತರಿಸಿ ಹಾಕಿದ್ದಾಳೆ. ಅವನ ಗುಣ ನಿಮಗಿಂತ ಅವಳಿಗೆ ಗೊತ್ತಾ? ನಾಳೆ ನೀವೊಂದು ಮಾತು ಹೇಳಿ ಸಾಕು. ಹುಡುಗ ಒಳ್ಳೆಯವನೇ, ಆದರೆ ಸ್ವಲ್ಪ ಹಟಮಾರಿ, ಯಾರಿಗೂ ಹೇಳದೆ ಮುನ್ನುಗ್ಗೋನು ಅಂತ. ಅಷ್ಟೇ. ಹಿಂದಿನ ಬಾಗಿಲಲ್ಲಿದ್ದ ನಮ್ಮವರು ಆಣೆ ಮಾಡಿ ಹೇಳ್ತಿದ್ದಾರೆ, ಅವನು ಒಂದು ಮಾತೂ ಆಡಲಿಲ್ಲ ಅಂತ."

ಮೈಕು ಸಿಕ್ಕಿಬಿಟ್ಟಿದೆ, ನಿನ್ನೆ ಮೊನ್ನೆ ಬಂದವಳು: ಇವೆಲ್ಲ ಅಕ್ಕ ಒಳಗೊಳಗೇ ಆಡಿಕೊಂಡ ಮಾತುಗಳೇ. ಒಂದಕ್ಷರ ಆಚೀಚೆ ಇಲ್ಲ. ಇಷ್ಟು ದಿನ ತನ್ನವೆಂದುಕೊಂಡದ್ದು ಈಗ ಈ ಮನುಷ್ಯನ ಬಾಯಿಂದ ಬರುತ್ತಿದ್ದಾಗ, ಬೇರೆಯವರು ಉಟ್ಟು ಬಿಟ್ಟ ಬಟ್ಟೆಯನ್ನು ತನ್ನ ಮೈಗೆ ಸುತ್ತಿದಂತಾಗಿ ಆಕೆಗೆ ಹೇಸಿಗೆಯಾಯಿತು. ಇವರು ಪುಟ್ಟನ ಬಾಯಿಂದ ಬಂದ ಮಾತನ್ನು ಬರಲೇ ಇಲ್ಲ ಎನ್ನುತ್ತಿದ್ದಾರೆ. ತಾನೂ ಇಷ್ಟು ದಿನ ಮಾಡುತ್ತಿದ್ದುದು ಅದನ್ನೇ ಅಲ್ಲವೇ?

"ಹಣ್ಣು ತಗೊಂಡು ಹೋಗಿ ಸ್ವಾಮಿ" ಎಂದಳು. "ನಮ್ಮ ಮನೇಲಿ ಹಣ್ಣು ತಿನ್ನೋನು ಅವನೊಬ್ಬನೇ ಇದ್ದದ್ದು."

ವಿಚಾರಣೆ ನಡೆದದ್ದು ನಗರಸಭೆಯ ಸಭಾಂಗಣದಲ್ಲಿ. ಒಳಗೆ ಕೂರಲು ಜಾಗವಿರಲಿಲ್ಲ. ಹೊರಗೆ ಮೆಟ್ಟಿಲುಗಳ ಮೇಲೂ ಜನ. ತಮ್ಮನ ಹೆಂಡತಿ ಹೇಳಿಕೆ ಕೊಟ್ಟಳು. ಪೊಲೀಸರ ಪರ ವಕೀಲರು ಒಂದೇ ಪ್ರಶ್ನೆಯಲ್ಲಿ ಅವಳನ್ನು ಕಟ್ಟಿಹಾಕಿದರು. "ನಿಮ್ಮ ಗಂಡ ಹೇಳಿದ್ದನ್ನು ನೀವು ಕೇಳಿದಿರಾ? ಇಲ್ಲ. ಕೇಳಿದವರು ಒಬ್ಬರಾದರೂ ಇದ್ದಾರಾ?"

ಅವಳು ತಲೆ ತಗ್ಗಿಸಿದಳು. ಅಕ್ಕ ಹಿಂದಿನ ಸಾಲಿನಿಂದ ಎದ್ದು ನಿಂತಳು.

"ನಾನಿದ್ದೀನಿ ಸ್ವಾಮಿ."

ನ್ಯಾಯಾಧೀಶರು ಮುಂದೆ ಕರೆಸಿದರು. ಅಕ್ಕ ದೇವರ ಮೇಲೆ ಆಣೆಯಿಟ್ಟಳು. ಆಮೇಲೆ ಕರೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪಕ್ಕದಲ್ಲಿ ನಿಂತ ಸಾಹೇಬರು 'ಆಯ್ತಪ್ಪ, ಗೊತ್ತಾಯ್ತು, ಬೇಗ ಮುಗಿಸು' ಎಂದದ್ದನ್ನು ಹೇಳಿದಳು. ದಿನವೂ ಹಾರಿಸುತ್ತಿದ್ದ ಮೊದಲ ಮಾತನ್ನು ಹಾರಿಸಲಿಲ್ಲ. ಭಾನುವಾರದ ಮನೆಯ ಮಾತನ್ನೂ ನುಂಗಲಿಲ್ಲ. ಹೇಳುವಾಗ ಯಾರ ಕಡೆಗೂ ನೋಡದೆ ನ್ಯಾಯಾಧೀಶರ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದಳು.

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ವಕೀಲರು ನಗುಮುಖದಿಂದ ಹತ್ತಿರ ಬಂದರು.

"ಇಷ್ಟು ದಿನ ಊರೆಲ್ಲ ಇದನ್ನೇ ಕೇಳುತ್ತಿತ್ತು. ಗೋಡೆ ಗೋಡೆ ಮೇಲೆ ಬರೆದಿದ್ದರು. ನೀವು ಒಂದು ಮಾತು ಆಡಲಿಲ್ಲ. ಯಾಕಮ್ಮ?"

"ಹೊಟ್ಟೆಕಿಚ್ಚಿಗೆ."

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಕನ್ನಡಕ ತೆಗೆದರು. "ಏನಂದಿರಿ?"

"ಹೊಟ್ಟೆಕಿಚ್ಚು ಸ್ವಾಮಿ. ಅವಳ ಮೇಲೆ. ಎಲ್ಲ ಅವಳಿಗೆ ಸಿಕ್ಕಿತ್ತು. ಇದೊಂದು ನನ್ನ ಹತ್ತಿರ ಇತ್ತು. ಕೊಡೋಕೆ ಮನಸ್ಸು ಬರಲಿಲ್ಲ."

ವಕೀಲರಿಗೆ ಕೇಳದೆ ಸಿಕ್ಕ ಲಾಭ. ಜನರ ಕಡೆ ತಿರುಗಿ, "ತಾನೇ ಒಪ್ಪಿಕೊಂಡಿದ್ದಾರೆ. ತಮ್ಮ ಕೊನೆಯಲ್ಲಿ ತನ್ನನ್ನೇ ನೆನೆದ ಅಂತ ತೋರಿಸಿಕೊಳ್ಳೋ ಆಸೆಗೆ ಈ ಕರೆಯನ್ನು ಕಟ್ಟಿದ್ದಾರೆ ಅಂತ ನಾನು ಹೇಳಿದರೆ?" ಎಂದರು.

ಅಕ್ಕ ಆಗ ಮೊದಲ ಬಾರಿಗೆ ಅವರ ಮುಖ ನೋಡಿದಳು. "ಕಟ್ಟೋದಾಗಿದ್ದರೆ ಇನ್ನೂ ಚೆನ್ನಾಗಿ ಕಟ್ಟುತ್ತಿದ್ದೆನಪ್ಪ. ನನ್ನ ತಮ್ಮ ಸಾಯೋ ಮುಂಚೆ ನನ್ನನ್ನ ನೆನೆಸಿಕೊಂಡು ಫೋನು ಮಾಡಿದ ಅಂತ ಕಟ್ಟುತ್ತಿದ್ದೆ. ಹೆಂಡತಿ ಸಿಗಲಿಲ್ಲ ಅಂತ ನನಗೆ ಮಾಡಿದ, ನನ್ನನ್ನ ಬಿಟ್ಟು ಬೇರೆ ಮನೆಗೆ ಹೋಗ್ತೀನಿ ಅಂತ ನನ್ನ ಬಾಯಲ್ಲೇ ಅವಳಿಗೆ ಹೇಳಿ ಕಳಿಸಿದ. ಇಂಥದ್ದನ್ನ ಹೊಟ್ಟೆಕಿಚ್ಚಿನ ಹೆಂಗಸು ಯಾಕೆ ಕಟ್ಟುತ್ತಾಳೆ?"

ವಕೀಲರು ತಮ್ಮ ಕಾಗದಗಳ ಕಡೆ ತಿರುಗಿದರು. ಅಷ್ಟರಲ್ಲಿ ಹಿಂದಿನಿಂದ, ಎಲ್ಲರಿಗಿಂತ ಒಂದು ತಲೆ ಎತ್ತರದಲ್ಲಿ ಉದ್ದಮ್ಮ ಎದ್ದಳು.

"ಫೋನು ಬಂದದ್ದು ಹೌದು ಸ್ವಾಮಿ. ಬೆಡ್‌ಶೀಟಿನ ಇನ್ನೊಂದು ತುದಿ ನನ್ನ ಕೈಲಿತ್ತು. 'ನೀನ್ಯಾಕೋ ಪುಟ್ಟ ಹೋಗ್ತೀಯ, ಪೊಲೀಸರು ಸತ್ತುಹೋದ್ರಾ' ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಆಸ್ಪತ್ರೆ ಫೋನಿನವರನ್ನ ಕೇಳಿ, ಕರೆ ಎಲ್ಲಿಂದ ಬಂತು ಅಂತ ಅವರೂ ಹೇಳ್ತಾರೆ."

ನ್ಯಾಯಾಧೀಶರು ಕುಳಿತಲ್ಲೇ ಎರಡು ಆಜ್ಞೆ ಹೊರಡಿಸಿದರು. ಆ ದಿನ ಹಿಂದಿನ ಬಾಗಿಲಲ್ಲಿದ್ದ ಅಧಿಕಾರಿ ನಾಳೆ ಅಲ್ಲಿ ನಿಲ್ಲಬೇಕು. ಆಸ್ಪತ್ರೆಯ ಫೋನು ವಿಭಾಗದವರು ಬರಬೇಕು. ಹೊರಗೆ ಮೆಟ್ಟಿಲ ಮೇಲಿದ್ದವರಿಗೆ ಸುದ್ದಿ ಮುಟ್ಟಿ ದೊಡ್ಡ ಕೂಗೆದ್ದಿತು. ಮೇಷ್ಟ್ರು ಬಂದು ಅಕ್ಕನ ಕೈ ಹಿಡಿದುಕೊಂಡರು. ಅಕ್ಕನ ಕಣ್ಣು ಹುಡುಕುತ್ತಿದ್ದುದು ಬೇರೊಬ್ಬಳನ್ನು.

ತಮ್ಮನ ಹೆಂಡತಿ ಕಟ್ಟಡದ ಹಿಂದೆ, ಸೈಕಲ್ಲುಗಳನ್ನು ನಿಲ್ಲಿಸುವ ಕಡೆ ಗೋಡೆಗೆ ಒರಗಿ ನಿಂತಿದ್ದಳು. ಅಕ್ಕ ಹತ್ತಿರ ಹೋದಾಗ ತಿರುಗಿ ನೋಡಲಿಲ್ಲ.

"ಇಷ್ಟು ದಿನ" ಎಂದಳು. "ನಾನು ಅಡುಗೆಮನೇಲಿ ಕೂತು ಹೇಳಿದೆನಲ್ಲ ಅತ್ತಿಗೆ. ಆಗಲೂ ಸುಮ್ಮನೆ ಇದ್ದಿರಿ."

"ಇದ್ದೆ."

"ಊಟ ಮಾಡಿ ಮಲಗು ಅಂದಿರಿ."

"ಅಂದೆ."

ಅವಳು ಸಮವಸ್ತ್ರದ ತೋಳಿನಿಂದ ಮುಖ ಒರೆಸಿಕೊಂಡಳು. ಅಳು ನಿಲ್ಲಲು ಹೊತ್ತು ಹಿಡಿಯಿತು. "ಅವಳು ಹೇಳಿದ್ದೇ ಸರಿ ಅಂದರಾ? ಹಾಗೇ ಅಂದರಾ?"

"ಹಾಗೇ ಅಂದ. ಸುಮ್ಮಸುಮ್ಮನೆ ಸಿಡುಕಿದೆ ಅಂದ."

"ಇನ್ನೊಂದು ಸಲ ಹೇಳಿ."

ಅಕ್ಕ ಹೇಳಿದಳು. ಅವಳು ಕೇಳಿದಷ್ಟು ಸಲವೂ ಹೇಳಿದಳು. ಕೊನೆಗೆ ಆ ಹೆಂಗಸು ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ಆ ಮನೇಲಿ ಇದ್ದದ್ದು ಎರಡೇ ಕೋಣೆ. ನಿಮಗೆ ಜಾಗ ಇರಲಿಲ್ಲ ಅತ್ತಿಗೆ. ಸುಳ್ಳು ಹೇಳೋಕೆ ನನಗೂ ಬರೋದಿಲ್ಲ."

"ಗೊತ್ತಾಯಿತು ಬಿಡು."

"ನಾನು ಈಗಲೇ ಮನೆಗೆ ಬರೋಲ್ಲ. ಡಿಪೋಗೆ ಹೋಗ್ತೀನಿ. ಸ್ವಲ್ಪ ದಿನ ನಿಮ್ಮ ಮುಖ ನೋಡೋಕೆ ನನಗೆ ಆಗೋದಿಲ್ಲ."

ಅವಳು ಹೋದ ಮೇಲೆ ಅಕ್ಕ ಒಬ್ಬಳೇ ಬಸ್ಸು ಹಿಡಿದು ಮನೆಗೆ ಬಂದಳು. ಕೈಯಲ್ಲಿದ್ದ ಒಂದೇ ಒಂದು ವಸ್ತುವನ್ನೂ ಕೊಟ್ಟುಬಂದವರ ಹಾಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಶ್ಚರ್ಯವೆಂದರೆ, ಎದೆಯ ಕಿಚ್ಚು ಇನ್ನೂ ಆರಿರಲಿಲ್ಲ. ಈಗ ಆ ಮಾತುಗಳನ್ನು ಅವಳು ಡಿಪೋದಲ್ಲಿ ಕೂತು ನೆನೆಯುತ್ತಿರುತ್ತಾಳಲ್ಲ ಎಂದು ಒಮ್ಮೆ ಚುಚ್ಚಿತು. ಚುಚ್ಚಲಿ ಎಂದುಕೊಂಡಳು. ಮನೆಗೆ ಬಂದು ಕೈಕಾಲು ತೊಳೆದು, ಆ ರಾತ್ರಿಯಿಂದ ಬಿಟ್ಟುಹೋಗಿದ್ದ ಪ್ರಾರ್ಥನೆಗೆ ಕಣ್ಣು ಮುಚ್ಚಿ ಕೈಮುಗಿದು ಕೂತಳು.

"ದೇವರೇ, ನನ್ನ ಪುಟ್ಟ ನಿನ್ನ ಹತ್ತಿರ ಬಂದಿದ್ದಾನೆ. ನಾನು ಸಾಕಿದ್ದು, ಅವಳು ಬಾಳಿದ್ದು, ಊರು ಅತ್ತದ್ದು, ಎಲ್ಲ ಮುಗಿದು ಈಗ ಅವನು ನಿನ್ನವನು. ನಿನ್ನ ಮೇಲೂ ನನಗೆ ಹೊಟ್ಟೆಕಿಚ್ಚು ಬರುತ್ತಿದೆ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ. ಅವನು ಹೆದರಿದ್ದರೆ ಧೈರ್ಯ ಹೇಳು. ದಣಿದಿದ್ದರೆ ಮಲಗಿಸು. ಅಲ್ಲೂ ಯಾರನ್ನಾದರೂ ಇಳಿಸಬೇಕು ಅಂತ ಎದ್ದು ಹೊರಟರೆ ತಡೆದು ಕೂರಿಸು, ಅವನ ಕೆಲಸ ಮುಗಿಯಿತು. ಅವನ ಆತ್ಮಕ್ಕೆ ಶಾಂತಿ ಕೊಡಪ್ಪ, ಪೂರ್ತಿ ಶಾಂತಿ ಕೊಡು."